ಕಾಲಿಲ್ಲದ ಕ್ಯಾರೆಟ್ಟಿನ ಅನರ್ಹತೆ

ಸಾವಯವ ಎಂದರೆ ಅವಯವಗಳಿಂದ ಕೂಡಿದ್ದು ಎಂಬುದು ವ್ಯಾಕರಣಸಮ್ಮತವಾದ ಸತ್ಯ. ನಿಘಂಟು ವಿಭಾಗದಿಂದ ವರ್ಗವಾಗಿ ಬಂದ ನಿರ್ದೇಶಕರು ಸಾವಯವ ಪ್ರಮಾಣೀಕರಣ ಕಚೇರಿಯ ಕುರ್ಚಿಯಲ್ಲಿ ಕೂತ ದಿನವೇ ಈ ಸತ್ಯವನ್ನು ನಿಯಮವಾಗಿಸಿದರು. ಕೈಕಾಲಿಲ್ಲದ ಯಾವ ತರಕಾರಿಗೂ ಹಸಿರು ಚೀಟಿ ಅಂಟಿಸತಕ್ಕದ್ದಲ್ಲ ಎಂದು ಬಾಗಿಲ ಮೇಲೆ ಪ್ರಕಟಣೆ ಬಿತ್ತು. ಗೊಬ್ಬರ, ಔಷಧಿ ಇತ್ಯಾದಿ ಅಪ್ರಸ್ತುತ ವಿಷಯಗಳನ್ನು ಯಾರೂ ಎತ್ತಕೂಡದೆಂದೂ ಅದರಲ್ಲಿತ್ತು.

ಇದೊಂದೂ ಗೊತ್ತಿಲ್ಲದೆ ಕ್ಯಾರೆಟ್ ಬೆಳೆಯುವ ಅಕ್ಕ ಬುಟ್ಟಿ ಹೊತ್ತು ಬಂದಳು. ಸಗಣಿ, ಕೊಳೆತ ಎಲೆ ಬಿಟ್ಟು ಹೊಲಕ್ಕೆ ಬೇರೇನೂ ಹಾಕಿದವಳಲ್ಲ ಆಕೆ. ಆದರೆ ಮುಂದಿನ ಫಸಲಿನಿಂದ ಚೀಟಿಯಿಲ್ಲದ ಮಾಲನ್ನು ಒಳಗೇ ಬಿಡೋದಿಲ್ಲ ಅಂತ ಅಂಗಡಿಯವನು ಕಡ್ಡಿ ಮುರಿದಂತೆ ಹೇಳಿದ್ದ. ಅವಳ ಮಾಲು ಕೊಳ್ಳುತ್ತಿದ್ದದ್ದು ಅದೊಂದೇ ಅಂಗಡಿ.

ಕಚೇರಿಯ ನಿರೀಕ್ಷಕರು ಒಂದು ಕ್ಯಾರೆಟ್ ಎತ್ತಿ ಹಿಂದೆಮುಂದೆ ತಿರುಗಿಸಿ ನೋಡಿದರು.

"ಕಾಲೆಲ್ಲಿ?"

"ಯಾರ ಕಾಲು ಸಾರ್?"

"ಕ್ಯಾರೆಟ್ಟಿನದಮ್ಮ. ನೆಟ್ಟಗೆ ಬೆಳೆದುಬಿಟ್ಟಿದೆ. ಇದು ಶುದ್ಧ ನಿರವಯವ."

"ಮಣ್ಣು ಮೆತ್ತಗಿದೆ ಸಾರ್, ಅದಕ್ಕೇ ನೆಟ್ಟಗೆ ಇಳಿದಿದೆ. ಒಂದು ಹನಿ ವಿಷ ಹಾಕಿಲ್ಲ, ನನ್ನ ಮಕ್ಕಳಾಣೆ!"

"ನೀವೇನು ಹಾಕಿಲ್ಲ ಅನ್ನೋದಲ್ಲ ಪ್ರಶ್ನೆ. ಅದಕ್ಕೇನಿಲ್ಲ ಅನ್ನೋದು ಪ್ರಶ್ನೆ."

ಅಷ್ಟರಲ್ಲಿ ಅವಳ ಮೈದುನ ತನ್ನ ಬುಟ್ಟಿಯೊಂದಿಗೆ ಒಳಬಂದ. ಈ ಮಹಾಶಯ ಔಷಧಿ ಹೊಡೆದನೆಂದರೆ ಕಾಗೆಗಳೂ ಅವನ ಹೊಲ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದವು. ಆ ಹೊಡೆತಕ್ಕೆ ಅವನ ಕ್ಯಾರೆಟ್ಟುಗಳಿಗೆ ಎರಡು ಕಾಲು, ಮೂರು ಕೈ, ಒಂದಕ್ಕಂತೂ ಮೂಗಿನಂಥದ್ದೇನೋ ಮೊಳೆತಿತ್ತು. ನಿರೀಕ್ಷಕರು ಎದ್ದೇ ನಿಂತರು. ನಿರ್ದೇಶಕರನ್ನೂ ಕರೆಸಿದರು.

"ಪರಿಪೂರ್ಣ ಸಾವಯವ!" ಎಂದು ಉದ್ಗರಿಸಿದ ನಿರ್ದೇಶಕರು, ಹೆಚ್ಚುವರಿ ಅವಯವಗಳನ್ನು ಪರಿಗಣಿಸಿ ಚಿನ್ನದ ಬಣ್ಣದ ಚೀಟಿಯನ್ನು ಸ್ಥಳದಲ್ಲೇ ಮಂಜೂರು ಮಾಡಿದರು.

ಅಕ್ಕನಿಗೆ ಹೊಟ್ಟೆ ಉರಿದುಹೋಯಿತು. ಏನು ಮಾಡ್ತಾಳೆ? ಮೈದುನನ ಹಿಂದೆಯೇ ಹೋಗಿ ಆ ಔಷಧಿಯ ಡಬ್ಬ ಇಸ್ಕೊಂಡು ಬಂದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಡೆಯುವಾಗ ಅಳು ಬಂತು. ಘಾಟಿಗೆ ಕಣ್ಣಲ್ಲಿ ನೀರು ಅಂತ ಗಂಡನಿಗೆ ಹೇಳಿದಳು. ಹಿತ್ತಲಲ್ಲಿ ಮಾತ್ರ ಒಂದು ಪಾತಿಯನ್ನು ಹಾಗೇ ಬಿಟ್ಟಳು, ಮನೆಯವರ ಹೊಟ್ಟೆಗೂ ಬೇಕಲ್ಲ.

ಫಸಲು ಬಂದಾಗ ನಿರೀಕ್ಷಕರು ಖುದ್ದಾಗಿ ದಯಮಾಡಿಸಿದರು. ಹೊಲದ ಒಂದೊಂದು ಕ್ಯಾರೆಟ್ಟಿಗೂ ಕಾಲು ಮೂಡಿತ್ತು.

"ಭೇಷ್! ಈಗ ದಾರಿಗೆ ಬಂದ್ರಿ ನೋಡಿ," ಅಂತ ತಮ್ಮ ಕೈಯಾರೆ ಚೀಟಿ ಅಂಟಿಸಿದರು. ಆಮೇಲೆ ಅತ್ತಿತ್ತ ನೋಡಿ, ಹಿತ್ತಲ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು.

"ಅಮ್ಮಾ, ಆ ನಿರವಯವ ಒಂದೆರಡು ಕೇಜಿ ಸಿಗುತ್ತಾ? ಮನೇಲಿ ಚಿಕ್ಕ ಮಕ್ಕಳಿದ್ದಾರೆ."

ಅಕ್ಕ ಹಿತ್ತಲಿಗೆ ಹೋಗಿ ಚೀಲ ತುಂಬಿದಳು.

"ನಿರ್ದೇಶಕರದ್ದೂ ಇದರಲ್ಲೇ ಹಾಕಿಬಿಡಿ," ಅಂದರು ನಿರೀಕ್ಷಕರು.

ಮರುದಿನ ಕಚೇರಿಯ ಬಾಗಿಲಿಗೆ ಹೊಸ ಪ್ರಕಟಣೆ ಬಂತು: ನಿರವಯವ ತರಕಾರಿಯನ್ನು ಸಾರ್ವಜನಿಕರ ಹಿತದೃಷ್ಟಿಯಿಂದ ವಶಪಡಿಸಿಕೊಂಡು, ಸಿಬ್ಬಂದಿಯ ಮನೆಗಳಲ್ಲಿ, ಊಟದ ವೇಳೆಯಲ್ಲಿ, ಸಂಪೂರ್ಣವಾಗಿ ನಾಶಪಡಿಸತಕ್ಕದ್ದು.

ಅಕ್ಕ ಈಗ ಹಿತ್ತಲಲ್ಲಿ ಎರಡು ಪಾತಿ ಮಾಡುತ್ತಾಳೆ. ಒಂದು ಮನೆಗೆ, ಇನ್ನೊಂದು ನಾಶಕ್ಕೆ.