ಮೆರವಣಿಗೆಗೊಂದು ಕ್ಲಚ್ಚು

ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಶೆಡ್ಡು ಹಾಕಿ, 'ಇಲ್ಲಿ ಎಲ್ಲಾ ತರಹದ ಗಾಡಿ ರಿಪೇರಿ ಮಾಡಲಾಗುವುದು' ಅಂತ ಬೋರ್ಡು ಬರೆಸಿ ಕೂತರೆ ಸಾಕು, ಗಾಡಿಗಿಂತ ಮುಂಚೆ ತಮಾಷೆಗಳೇ ಬಂದು ಬಾಗಿಲಲ್ಲಿ ನಿಲ್ಲುತ್ತವೆ. ಎಂಬತ್ತರ ಸುಮಾರಿಗೆ ಕೋಲಾರದಲ್ಲಿ ನಾನು ಅಂಥದೊಂದು ಬೋರ್ಡು ಬರೆಸಿದ್ದೆ. 'ಎಲ್ಲಾ ತರಹದ' ಅನ್ನೋದು ಶುದ್ಧ ಸುಳ್ಳು. ನನಗೆ ಬರ್ತಿದ್ದದ್ದು ಲಾರಿ, ಟ್ರಾಕ್ಟರು, ನಾಲ್ಕಾರು ಬಾಡಿಗೆ ಕಾರು. ಆದರೆ ತಗಡು ಉದ್ದ ಇತ್ತು, ತುಂಬಿಸಬೇಕಾಗಿತ್ತು.

ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅದರ ಮುಂದೆ ಹಾದಾಗಲೆಲ್ಲ ನನಗೆ ಪೆಟ್ರೋಲ್ ವಾಸನೆ ಬರುತ್ತೆ. ಪೆಟ್ರೋಲಿನ ಜೊತೆಗೆ ಸ್ವಲ್ಪ ಹರಳೆಣ್ಣೆ ವಾಸನೆಯೂ ಬರುತ್ತೆ. ಹರಳೆಣ್ಣೆ ಯಾಕೆ ಅಂತ ಮುಂದೆ ಹೇಳ್ತೀನಿ.

೧. ಜೋಡೆತ್ತಿನ ಸ್ಪೋರ್ಟ್ಸ್ ಕಾರು

ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಎರಡು ಎತ್ತು ಬಂದು ನಿಂತವು. ಎತ್ತಿನ ಹಿಂದೆ ಹಗ್ಗ, ಹಗ್ಗದ ಹಿಂದೆ ಒಂದು ಕೆಂಪು ಕಾರು. ತಲೆ ಮೇಲೆ ಸೂರಿಲ್ಲ, ಎರಡೇ ಸೀಟು, ಕೂತರೆ ಅಂಡು ನೆಲಕ್ಕೆ ತಾಗತ್ತೇನೋ ಅನ್ನೋ ಹಾಗೆ ತಗ್ಗು. ಚಿನ್ನದ ಗಣಿಯ ದೊರೆಯೊಬ್ಬರು ಊರು ಬಿಡುವಾಗ ಮಾರಿ ಹೋದ ವಿಲಾಯತಿ ಕಾರು. ಅದರ ಸ್ಟೀರಿಂಗ್ ಹಿಡಿದು, ಬಿಳಿ ಪಂಚೆ, ಕಪ್ಪು ಕನ್ನಡಕ ಹಾಕಿ ಕೂತಿದ್ದವರು ಶ್ರೀನಿವಾಸಪುರದ ಮಾವಿನ ಮಂಡಿ ಯಜಮಾನರು. ಪಕ್ಕದ ಸೀಟಲ್ಲಿ ಅವರ ಒಬ್ಬಳೇ ಮಗಳು, ಧೂಳಿಗೆ ಸೆರಗು ಮೂಗಿಗೆ ಒತ್ತಿಕೊಂಡು ಕೂತಿದ್ದಳು.

"ಏನಾಯ್ತು ಯಜಮಾನ್ರೇ?"

"ಎಂಜಿನ್ ಕೂಗತ್ತೆ ಕಣೋ, ಕೆಲ್ಸ ಮಾಡಲ್ಲ. ಥೇಟ್ ನಮ್ ಮಂಡಿ ಗುಮಾಸ್ತ."

ಕಾರಿನ ಕೆಳಗೆ ನುಗ್ಗಿ ನೋಡಿದೆ. ಕ್ಲಚ್ಚು ಸುಟ್ಟ ವಾಸನೆ ಗಮ್ಮಂತ ಬರ್ತಿತ್ತು. ಎಷ್ಟು ದಿನ ಹಿಡಿಯತ್ತೆ ಅಂತ ಕೇಳಿದರು. ವಿಲಾಯತಿ ಸಾಮಾನು, ಸಿಗೋದೇ ಕಷ್ಟ ಅಂದೆ. ಯಜಮಾನರ ಮುಖ ಇಳಿದುಹೋಯಿತು.

"ಹಂಗನ್ಬೇಡ್ವೋ. ಇನ್ನು ಇಪ್ಪತ್ತು ದಿನಕ್ಕೆ ಇವಳ ಮದ್ವೆ. ಐದು ವರ್ಷದವಳಿದ್ದಾಗ ಈ ಕಾರಲ್ಲಿ ಹತ್ತಿ ಕೂತು ಇಳಿಯಲ್ಲ ಅಂತ ಹಟ ಮಾಡಿದ್ಲು. ನಿನ್ ಮದ್ವೆ ಮೆರವಣಿಗೆ ಇದ್ರಲ್ಲೇ ಮಾಡ್ತೀನಿ ಕಣೇ ಅಂತ ಮಾತು ಕೊಟ್ಟು ಇಳಿಸ್ದೆ. ಹದಿನೈದು ವರ್ಷದಿಂದ ಅದೇ ಮಾತು ಹೇಳ್ಕೊಂಡ್ ಬಂದಿದೀನಿ. ತಾಯಿ ಇಲ್ಲದ ಮಗು, ಮಾತು ತಪ್ಪಕ್ಕಾಗತ್ತಾ?"

ಆಗಲಿ, ಮಾಡಿಕೊಡ್ತೀನಿ ಅಂದುಬಿಟ್ಟೆ. ಆವಾಗ ಎತ್ತಿನವನು ನನ್ನನ್ನ ಪಕ್ಕಕ್ಕೆ ಕರೆದ. ವಾಪಸ್ಸು ಹೋಗುವಾಗ ಎಳಿಯಕ್ಕೆ ತಾನು ಬರಲ್ಲ ಅಂದ. ಯಾಕಪ್ಪಾ ಅಂತ ಕೇಳಿದೆ.

"ಏರಲ್ಲಿ ಎಳ್ದಿದ್ದು ನನ್ನೆತ್ತು. ಇಳಿಜಾರು ಬಂತು ನೋಡಣ್ಣಾ, ಇವ್ರು ಪೋಂ ಪೋಂ ಅಂತ ಹಾರನ್ ಹೊಡ್ದು, ಸೈಡ್ ಬಿಡ್ಲಾ ಅಂತಾರೆ!"

೨. ಕಾಲಿಗೊಂದು ಮಣೆ

ಬಿಚ್ಚಿ ನೋಡಿದರೆ ಗೋಳು ಎರಡಾಗಿತ್ತು. ಎಂಜಿನ್ ಹಿಂದೆ ತಿರುಗೋ ದಪ್ಪ ಕಬ್ಬಿಣದ ಚಕ್ರ ಇದೆಯಲ್ಲ, ಫ್ಲೈವೀಲು, ಅದು ಕಾಯ್ದು ಬಿರುಕು ಬಿಟ್ಟಿತ್ತು. ಅದಕ್ಕೆ ಅಂಟಿಕೊಂಡು ತಿರುಗಿ, ಎಂಜಿನ್ ಬಲವನ್ನ ಗಾಲಿಗೆ ದಾಟಿಸೋ ಕ್ಲಚ್ ಪ್ಲೇಟು ರಿವೆಟ್ ಕಾಣೋ ತನಕ ಸವೆದಿತ್ತು.

"ಯಜಮಾನ್ರೇ, ಗಾಡಿ ಓಡಿಸ್ವಾಗ ಕ್ಲಚ್ ಪೆಡಲ್ ಮೇಲೇ ಕಾಲಿಟ್ಕೊಂಡಿರ್ತೀರಾ?"

"ಇನ್ನೆಲ್ಲಿ ಇಡ್ಲೋ? ಮಾಡ್ದವ್ನು ಎಡಗಾಲಿಗೆ ಅಂತ್ಲೇ ಒಂದು ಮಣೆ ಕೊಟ್ಟವ್ನೆ."

"ನಾನು ಬಡ್ಕೊಂಡೆ ಅಣ್ಣಾ," ಅಂದಳು ಮಗಳು. "ಗೇರ್ ಬಿದ್ಮೇಲೆ ಕಾಲು ತೆಗಿ ಅಪ್ಪಾ ಅಂತ. ತೋಪಲ್ಲಿ ನಾನು ಓಡಿಸ್ವಾಗ ಒಂದ್ ಸಲಾನೂ..."

"ಶ್!" ಅಂದರು ಯಜಮಾನರು. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು. "ಬೀಗರು ಮಾಲೂರಿನೋರು ಕಣೋ. ಗಂಡು ಹೈಸ್ಕೂಲ್ ಮೇಷ್ಟ್ರು. ಹುಡುಗಿಗೆ ಅಡುಗೆ, ರಂಗೋಲಿ ಬರತ್ತೆ ಅಂತ ಹೇಳಿದೀನಿ. ಗೇರ್ ಹಾಕೋದು ಬರತ್ತೆ ಅಂತ ಹೇಳಿಲ್ಲ."

೩. ಟವೆಲ್ಲಿನ ಕೆಳಗೆ

ಮಾರನೇ ದಿನ ನಾನೂ ಯಜಮಾನರೂ ಬಸ್ಸಲ್ಲಿ ಬೆಂಗಳೂರಿನ ಬಿಡಿಭಾಗದ ಬೀದಿಗೆ ಹೋದೆವು. ಅಂಗಡಿ ಅಂಗಡಿ ಸುತ್ತಿ, ಕಾಲು ಬಿದ್ದುಹೋದ ಮೇಲೆ ಒಬ್ಬ ಅಂಗಡಿಯವನು ಗಲ್ಲಾಪೆಟ್ಟಿಗೆ ಮುಂದೆ ಎರಡು ಫ್ಲೈವೀಲು ಇಟ್ಟ. ಒಂದು ರೇಸಿನವರು ಹಾಕೋದು, ತೆಳ್ಳಗೆ, ಹಗುರ. ಇನ್ನೊಂದು ಮಾಮೂಲಿ, ದಪ್ಪ, ಒಂದು ಕೈಯಲ್ಲಿ ಎತ್ತಕ್ಕಾಗಲ್ಲ. ಕ್ಲಚ್ ಪ್ಲೇಟಲ್ಲೂ ಹಾಗೇ ಎರಡು. ಒಂದು ಕಾಲು ಬಿಟ್ಟ ತಕ್ಷಣ ಗಪ್ಪಂತ ಕಚ್ಚಿಕೊಳ್ಳೋದು, ಇನ್ನೊಂದು ಮೆದು.

ನನಗೆ ಆಗಿನ್ನೂ ಬಿಸಿರಕ್ತ. ಹಗುರದ ಚಕ್ರಕ್ಕೇ ಕೈ ಹಾಕಿದೆ. "ಇದೇ ಸರಿ ಯಜಮಾನ್ರೇ. ಆಕ್ಸಿಲರೇಟರ್ ಮುಟ್ಟಿದ್ರೆ ಕಾರು ಚಂಗ್ ಅಂತ ಜಿಗಿಯತ್ತೆ."

"ಎಲ್ಲಿಗ್ಲಾ ಜಿಗಿಯೋದು? ಮುಂದೆ ವಾಲಗದೋರು ಇರ್ತಾರೆ!"

ನಾನು ಪಟ್ಟು ಬಿಡಲಿಲ್ಲ. ಸ್ಪೋರ್ಟ್ಸ್ ಕಾರಿಗೆ ಟ್ರಾಕ್ಟರಿನ ತೂಕ ಹಾಕಿದರೆ ನಾಲ್ಕು ಜನ ನಗ್ತಾರೆ ಅಂದೆ. ಅವರು ಎರಡನ್ನೂ ಎತ್ತಿ ತೂಗಿ ನೋಡಿ, ಬೆರಳ ಗೆಣ್ಣಲ್ಲಿ ಟಣ್ ಟಣ್ ಅಂತ ತಟ್ಟಿ, ಅಭ್ಯಾಸಬಲದಿಂದ ಒಂದು ಸಲ ಮೂಸಿಯೂ ನೋಡಿದರು. ಎರಡಕ್ಕೂ ಒಂದೇ ರೇಟು ಅಂತ ಅಂಗಡಿಯವನು ಹೇಳಿದ್ದೇ ತಡ, ನನ್ನ ವಾದ ಅಲ್ಲಿಗೆ ಮುಗೀತು. "ರೇಟು ಒಂದೇ ಆದ್ಮೇಲೆ ಹಗುರದ್ದು ಯಾವನ್ ತಗೊಂತಾನ್ಲಾ?" ಅಂದು ದಪ್ಪ ಚಕ್ರಾನೂ, ಅದರ ಜೊತೆಗೆ ಮೆದು ಪ್ಲೇಟನ್ನೂ ತಮ್ಮ ಕಡೆ ಎಳೆದುಕೊಂಡರು. ನಾನು ಮುಖ ಊದಿಸಿಕೊಂಡು ನಿಂತೆ.

ಇನ್ನು ಉಳಿದದ್ದು ಚೌಕಾಸಿ. ನಮ್ಮ ಕಡೆ ಮಂಡಿಯಲ್ಲಿ ಬಾಯಿಬಿಟ್ಟು ದರ ಹೇಳೋ ಪದ್ಧತಿ ಇಲ್ಲ. ಕೈಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ಒತ್ತಿ, ದರ ಮುಗಿಸ್ತಾರೆ. ಯಜಮಾನರು ಹೆಗಲ ಟವೆಲ್ ತೆಗೆದು ಅಂಗಡಿಯವನ ಕೈಮೇಲೆ ಹಾಕಿ, ಒಳಗಿಂದ ಅವನ ಎರಡು ಬೆರಳು ಹಿಡಿದು ಹಿಚುಕಿದರು. ಅವನು ಬೆಚ್ಚಿಬಿದ್ದು ಕುರ್ಚಿಯಿಂದ ಎದ್ದ.

"ಏನ್ರೀ ಇದು? ಬಿಡ್ರೀ ಕೈ! ನಂಗೆ ಹೆಂಡ್ತಿ ಮಕ್ಕಳಿದಾರೆ!"

ಯಜಮಾನರು ನನ್ನ ಕಡೆ ತಿರುಗಿ ತಲೆಯಾಡಿಸಿದರು. "ಪಾಪ ಕಣೋ, ಇಷ್ಟು ದೊಡ್ಡ ಅಂಗಡಿ ಇಟ್ಟವ್ನೆ, ವ್ಯಾಪಾರಾನೇ ಬರಲ್ಲ."

೪. ನಾಲ್ಕು ನಿಂಬೆಹಣ್ಣು

ಹೊಸ ಗಾಡಿ ಕೊಂಡವರು ನಮ್ಮ ಕಡೆ ಮುಳಬಾಗಿಲು ಹತ್ತಿರದ ಕುರುಡುಮಲೆ ಗಣಪನ ಮುಂದೆ ನಿಲ್ಲಿಸಿ ಪೂಜೆ ಮಾಡಿಸದೆ ಮನೆಗೆ ತರೋದಿಲ್ಲ. ಗಾಡಿ ಬರಲಾರದು, ಸಾಮಾನಾದರೂ ಬರಲಿ ಅಂತ ಯಜಮಾನರು ಹಟ ಹಿಡಿದರು. ಫ್ಲೈವೀಲು ನನ್ನ ತೊಡೆ ಮೇಲೆ, ಕ್ಲಚ್ ಪ್ಲೇಟು ಅವರ ತೊಡೆ ಮೇಲೆ, ಬಸ್ಸು ಕೋಲಾರ ದಾಟಿ ಮುಳಬಾಗಿಲು ಸೇರೋ ಹೊತ್ತಿಗೆ ನನ್ನ ಎರಡು ಕಾಲೂ ಜೋಮು ಹಿಡಿದಿದ್ದವು.

"ಗಾಡಿ ಎಲ್ಲಿ?" ಅಂತ ಅರ್ಚಕರು ಕೇಳಿದರು.

"ಇದೇ ಸ್ವಾಮಿ."

"ಮಿಕ್ಕಿದ್ದು?"

"ಕೋಲಾರದಲ್ಲಿದೆ. ಇವನೇ ಬಿಚ್ಚಿ ಹಾಕಿರೋದು."

ಪುಣ್ಯಾತ್ಮರು, ನಗದೆ ಮಂಗಳಾರತಿ ಎತ್ತಿದರು. ಹೊರಗೆ ಬಂದ ಮೇಲೆ ಯಜಮಾನರು ಜೇಬಿಂದ ನಾಲ್ಕು ನಿಂಬೆಹಣ್ಣು ತೆಗೆದರು. ಗಾಲಿಗೊಂದು ಇಟ್ಟು ಹತ್ತಿಸೋದು ಪದ್ಧತಿ. ಇಲ್ಲಿರೋದು ಒಂದೇ ಚಕ್ರ ಅಂದೆ. "ಹಂಗಾದ್ರೆ ನಾಲ್ಕೂ ಅದಕ್ಕೇ," ಅಂದರು.

ಫ್ಲೈವೀಲು ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ಉರುಳಿಸಿದೆ. ಒಂದು ಹಣ್ಣು ಚಪ್ಪಟೆಯಾಯಿತು, ಎರಡು, ಮೂರು. ನಾಲ್ಕನೇದರ ಹತ್ತಿರ ಕೈ ಜಾರಿತು. ಮುಂದೆ ಇಳಿಜಾರು. ಚಕ್ರ ಕುರಿಮಂದೆ ಸೀಳಿಕೊಂಡು ಓಡಿತು, ಹಿಂದೆ ನಾನು, ನನ್ನ ಹಿಂದೆ ಪಂಚೆ ಎತ್ತಿಕಟ್ಟಿಕೊಂಡು ಯಜಮಾನರು. ಅದು ಒಂದು ಮನೆಯ ಜಗುಲಿಗೆ ಢಣ್ ಅಂತ ಬಡಿದು ಮಲಗಿತು. ಜಗುಲಿ ಮೇಲಿದ್ದ ಮುದುಕಪ್ಪ ಕಾಲು ಮೇಲಕ್ಕೆಳೆದುಕೊಂಡು ಚಕ್ರ ನೋಡಿದ, ಬೀದಿಯ ಮೇಲ್ತುದಿ ನೋಡಿದ. ಆಮೇಲೆ ಸಮಾಧಾನವಾಗಿ ಕೇಳಿದ:

"ಮಿಕ್ಕ ಗಾಡಿ ಎಷ್ಟೊತ್ತಿಗೆ ಬರತ್ತೆ ನಾಯನಾ?"

೫. ಅಜ್ಜಿಯ ಕರುಣೆ

ಚಕ್ರಕ್ಕೆ ಏನೂ ಆಗಿರಲಿಲ್ಲ. ಒರೆಸಿ, ಪರೀಕ್ಷೆ ಮಾಡಿ ಕೂರಿಸಿದೆ. ಆದರೆ ಕ್ಲಚ್ ಪ್ಲೇಟಿಗೆ ಮದುವೆ ಹಿಂದಿನ ದಿನವೇ ಒಳ್ಳೇ ಗಳಿಗೆ ಅಂತ ಪುರೋಹಿತರು ಹೇಳಿದ್ದರಂತೆ. ಅಲ್ಲಿಯ ತನಕ ಅದು ಯಜಮಾನರ ಮನೆಯ ದೇವರಕೋಣೆಯಲ್ಲಿ ಕೂತಿತ್ತು. ಬೆರಳಿನ ಜಿಡ್ಡೂ ತಾಗಬಾರದು, ಜಿಡ್ಡು ತಾಗಿದರೆ ಕ್ಲಚ್ಚು ಕಚ್ಚಲ್ಲ, ಜಾರತ್ತೆ ಅಂತ ಸಾರಿ ಸಾರಿ ಹೇಳಿದ್ದೆ.

ಆ ದಿನ ಮಧ್ಯಾಹ್ನ ರೇಷ್ಮೆ ವಸ್ತ್ರದಲ್ಲಿ ಸುತ್ತಿ ತಂದುಕೊಟ್ಟರು. ಅಲ್ಲಲ್ಲಿ ಹಳದಿ ಇತ್ತು. ಪೂಜೆ ಅರಿಶಿನ ಇರಬೇಕು ಅಂದುಕೊಂಡು ಒರೆಸಿ, ಅವಸರದಲ್ಲಿ ಕೂರಿಸಿ, ಶ್ರೀನಿವಾಸಪುರದ ದಾರಿ ಹಿಡಿದೆ. ಊರು ಇನ್ನೂ ದಾಟಿರಲಿಲ್ಲ, ಎಂಜಿನ್ ಹುಲಿ ಹಾಗೆ ಗರ್ಜಿಸ್ತಿದೆ, ಕಾರು ಬಸುರಿ ಹಾಗೆ ನಡೀತಿದೆ. ಏರಲ್ಲಿ ಎತ್ತಿನ ಗಾಡಿಯೊಂದು ನನ್ನನ್ನ ಹಿಂದೆ ಹಾಕಿತು. ಮೇಲಾಗಿ ಎಂಥದೋ ವಾಸನೆ. ಸುಟ್ಟ ಕ್ಲಚ್ಚಿಂದಲ್ಲ. ದೀಪಾವಳಿ ಎಣ್ಣೆಸ್ನಾನದ ದಿನ ಮನೆಯೆಲ್ಲ ಬರೋ ವಾಸನೆ.

ತೆವಳಿಕೊಂಡು ತಲುಪಿದಾಗ ಮನೆ ಬಾಗಿಲಲ್ಲಿ ಯಜಮಾನರ ತಾಯಿ, ಎಂಬತ್ತರ ಅಜ್ಜಿ, ನಿಂತಿದ್ದರು. ನನಗೆ ಅನುಮಾನ ಬಂತು.

"ಅಜ್ಜೀ, ದೇವ್ರ ಕೋಣೇಲಿದ್ದ ತಟ್ಟೆಗೆ ಏನಾದ್ರೂ ಮಾಡಿದ್ರಾ?"

"ಬೆಳಿಗ್ಗೆ ಹುಡುಗಿಗೆ ಎಣ್ಣೆಶಾಸ್ತ್ರ ಮಾಡಿದ್ವಿ ನಾಯನಾ. ಮನೇಲಿರೋ ಎಲ್ರಿಗೂ ಅರಿಶಿನ, ಹರಳೆಣ್ಣೆ ಹಚ್ಚಿದ್ವಿ. ಅದೂ ಮದ್ವೆಗೆ ಅಂತ ಬಂದಿರೋದೇ ಅಲ್ವಾ? ಪಾಪ, ಅದೊಂದೇ ಒಣಗ್ಕೊಂಡು ಕೂತಿತ್ತು."

"ಅಯ್ಯೋ, ಎಷ್ಟು ಹಚ್ಚಿದ್ರಿ?"

"ಜಿಪುಣತನ ಮಾಡ್ಲಿಲ್ಲಪ್ಪ. ಎರಡೂ ಕಡೆ, ಇಂಗೋ ತನಕ ತಿಕ್ಕಿದೀನಿ."

೬. ಬಾಗಿಲ ಮೇಲಿನ ಕೈ

ಯಜಮಾನರು ತಾಯಿಯನ್ನ ಒಂದು ಮಾತೂ ಅನ್ನಲಿಲ್ಲ. ಜಗುಲಿ ಮೇಲೆ ಕುಸಿದು ಕೂತು, "ಮಗೂಗೆ ಏನ್ ಹೇಳ್ಲೋ?" ಅಂದರು ಅಷ್ಟೇ. ಅದನ್ನ ಕೇಳಿದ ಮೇಲೆ ಆ ರಾತ್ರಿಯೇ ಕಾರನ್ನ ಹಿತ್ತಲಿಗೆ ತಳ್ಳಿಸಿದೆ.

ಮಾರನೇ ದಿನ ಮುಂದಿನ ಚಪ್ಪರದಲ್ಲಿ ಮಾಂಗಲ್ಯಧಾರಣೆ, ಹಿತ್ತಲಲ್ಲಿ ಅಡುಗೆಯವರ ಪಕ್ಕ ನಾನು ಗೇರ್‌ಬಾಕ್ಸ್ ಇಳಿಸಿಕೊಂಡು ಕೂತಿದ್ದೆ. ಪ್ಲೇಟನ್ನ ನಾಲ್ಕು ಸಲ ಪೆಟ್ರೋಲಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ, ಮಾಳಿಗೆ ಮೇಲೆ ಸಂಡಿಗೆ ಸಾಲಲ್ಲಿ ಒಣಗಕ್ಕೆ ಇಟ್ಟೆ. ಪಕ್ಕದಲ್ಲಿ ಅಜ್ಜಿ ಕೋಲು ಹಿಡಿದು ಕಾಗೆ ಕಾದರು. ಮೊಮ್ಮಗಳ ಧಾರೆಗೂ ಇಳಿದು ಬರಲ್ಲ ಅಂದರು, ನಾವೇ ಎತ್ತಿಕೊಂಡು ಬಂದೆವು. ಸಂಜೆ ಹೊತ್ತಿಗೆ ಕಾರು ನಡೀತು. ಕ್ಲಚ್ಚು ಕಚ್ಚಿದ್ದು ಅರ್ಧ ಮಾತ್ರ. ನಡೆಯೋ ವೇಗಕ್ಕೆ ಸಾಕು, ಯಾರಾದರೂ ಹಿಡಿದು ನಿಲ್ಲಿಸಿದರೆ ನಿಂತುಬಿಡುತ್ತೆ, ಅಷ್ಟೇ ತ್ರಾಣ.

ನಾನು ಕೈ ತೊಳೆದು, ಒಗೆದ ಷರಟು ಹಾಕಿ, ಠೀವಿಯಿಂದ ಸ್ಟೀರಿಂಗ್ ಮುಂದೆ ಕೂತೆ. ಕಾರಿಗೆ ಹೂವಿನ ಹಾರ, ಮುಂದೆ ವಾಲಗ. ಮದುಮಗನನ್ನ ಕರೆತಂದು ನನ್ನ ಪಕ್ಕ ಕೂರಿಸಿದರು. ಆಮೇಲೆ ಮದುಮಗಳನ್ನ ಕರೆತಂದರು. ಕರೆತಂದು, ಹಾಗೇ ನಿಂತರು.

ಹದಿನೈದು ವರ್ಷದ ಮಾತು, ಬೆಂಗಳೂರಿನ ಅಲೆದಾಟ, ಕುರುಡುಮಲೆಯ ಓಟ, ಪೆಟ್ರೋಲಿನ ಅಭ್ಯಂಜನ, ಎಲ್ಲಾ ಆಯಿತು. ಸೀಟು ಎರಡೇ ಅನ್ನೋದು ನಮಗ್ಯಾರಿಗೂ ಹೊಳೆದಿರಲಿಲ್ಲ!

ವಾಲಗ ನಿಂತಿತು. ಡ್ರೈವರನ್ನ ಬಾನೆಟ್ ಮೇಲೆ ಕೂರಿಸಿ ಅಂದರು ಒಬ್ಬರು. ಗಂಡೇ ಓಡಿಸಲಿ ಅಂದರು ಇನ್ನೊಬ್ಬರು. ಮೇಷ್ಟ್ರು ಬಾಸಿಂಗ ಸರಿಮಾಡಿಕೊಂಡು, "ನಂಗೆ ಸೈಕಲ್ ಬಿಟ್ರೆ ಬೇರೆ ಬರಲ್ಲ," ಅಂದರು. ಯಜಮಾನರ ಮುಖ ನೋಡಕ್ಕಾಗ್ತಿರಲಿಲ್ಲ.

"ಅಣ್ಣಾ, ನೀವು ಇಳೀರಿ," ಅಂದಳು ಮದುಮಗಳು.

ನಾನು ಇಳಿದೆ. ಅವಳು ಧಾರೆ ಸೀರೆ ನೆರಿಗೆ ಎತ್ತಿ ಸಿಕ್ಕಿಸಿ, ಕೂತು, ಕನ್ನಡಿ ಸರಿಮಾಡಿ, ಗೇರ್ ಹಾಕಿದಳು. ಬೀಗಿತ್ತಿ ಜನರನ್ನ ಸರಿಸಿಕೊಂಡು ಮುಂದಕ್ಕೆ ಬಂದರು. "ಮತ್ತೆ ನಮ್ಮ ಹುಡುಗ ಏನ್ ಮಾಡ್ಬೇಕು?" ಅಂದರು.

"ಹಾರನ್ ಹೊಡೀಲಿ ತಾಯೀ," ಅಂದರು ಯಜಮಾನರು.

ಹೊರಟಿತು ಮೆರವಣಿಗೆ. ವಾಲಗದವರು ಹತ್ತು ಹೆಜ್ಜೆಗೊಂದು ಸಲ ನಿಂತು ರಾಗ ಎಳೆಯೋರು, ಕಾರೂ ನಿಲ್ಲೋದು, ಮತ್ತೆ ನಡೆಯೋದು. ಆ ದಪ್ಪ ಚಕ್ರದ ಪುಣ್ಯ, ಒಂದು ಸಲವೂ ಎಂಜಿನ್ ಆಫ್ ಆಗಲಿಲ್ಲ. ನಾನು ಹೇಳಿದ ಹಗುರದ್ದು ಹಾಕಿದ್ದರೆ ಹೆಜ್ಜೆಗೊಂದು ಸಲ ಆಫ್ ಆಗಿ, ಕಚ್ಚೋ ಪ್ಲೇಟು ಸೇರಿಕೊಂಡು ಕಾರು ಕಪ್ಪೆ ಹಾಗೆ ಕುಪ್ಪಳಿಸ್ತಿತ್ತು. ಹಣ್ಣು ತೂಗೋ ಹಾಗೆ ತೂಗಿ ಆರಿಸಿದ ಯಜಮಾನರೇ ಸರಿ, ಬೋರ್ಡು ಹಾಕಿಕೊಂಡ ನಾನೇ ದಡ್ಡ. ಅಜ್ಜಿಯಂತೂ ಸಿಕ್ಕಸಿಕ್ಕವರಿಗೆಲ್ಲ, "ಎಣ್ಣೆ ಹಚ್ಚಿದ್ದಕ್ಕೇ ಇಷ್ಟು ನಯವಾಗಿ ಹೋಗ್ತಿರೋದು," ಅಂತ ಹೇಳ್ತಾ ಬರ್ತಿದ್ದರು. ನಾನೂ ಹೂಂ ಅಂತ ತಲೆಯಾಡಿಸಿದೆ.

ಬೀದಿ ಮುಗಿದು ಕೋಲಾರದ ರಸ್ತೆ ಸೇರೋ ತಿರುವಲ್ಲಿ ಬೀಗರ ಬಸ್ಸು ಕಾಯ್ತಿತ್ತು. ಹೆಣ್ಣನ್ನ ಕಳಿಸಿಕೊಡೋದು ಅಲ್ಲಿಂದಲೇ. ಅದಕ್ಕೆ ಇಪ್ಪತ್ತು ಮಾರು ಇದೆ ಅನ್ನುವಾಗ ಕಾರು ನಿಂತುಬಿಟ್ಟಿತು. ಎಂಜಿನ್ ಕೂಗ್ತಿದೆ, ಗಾಲಿ ತಿರುಗಲ್ಲ. ಓಡಿಹೋಗಿ ಮಂಡಿಯೂರಿ ಕೆಳಗೆ ಮೂಸಿ ನೋಡಿದೆ. ಅದೇ ಹರಳೆಣ್ಣೆ ವಾಸನೆ. ಮುಗೀತು, ಮರ್ಯಾದೆ ಹೋಯಿತು ಅಂದುಕೊಂಡೆ.

ನನ್ನ ತಲೆ ಮೇಲೆ, ಕಾರಿನ ಪಕ್ಕ ನಿಂತು ಯಜಮಾನರು ಕೂಗಾಡ್ತಿದ್ದರು. ಕಪ್ಪು ಕನ್ನಡಕದ ಕೆಳಗಿಂದ ಕಣ್ಣೀರು ಧಾರಾಕಾರ. "ಕಾಲು ತೆಗಿಯೇ! ಕ್ಲಚ್ ಮೇಲಿಂದ ಕಾಲು ತೆಗಿಯೇ! ಎಷ್ಟು ಸಲ ಹೇಳ್ಬೇಕು ನಿಂಗೆ?"

ಅವಳು ತಿರುಗಿ ನೋಡಿದಳು. ಅವಳ ಕಣ್ಣೂ ತುಂಬಿತ್ತು, ಆದರೆ ನಗು ತಡೆಯಕ್ಕಾಗ್ತಿರಲಿಲ್ಲ.

"ನಾನು ಕಾಲು ಆವಾಗ್ಲೇ ತೆಗ್ದೆ ಅಪ್ಪಾ. ನೀನು ಎರಡು ಕೈಯಲ್ಲೂ ಬಾಗಿಲು ಹಿಡ್ಕೊಂಡಿದ್ದೀಯ, ಬಿಡು!"