ಅಕ್ಕನ ಮಗಳ ಮದುವೆಗೆ ನನ್ನ ಡ್ರಮ್ಮು

ಹಾನಗಲ್ಲಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು ನಾನು. ಮದುವೆಯಾಗಿ ಬಂದಾಗಿನಿಂದ ಹೊಲಿಗೆ ಮಷಿನ್ ತುಳಿಯುತ್ತಿದ್ದೇನೆ. ಕಾಲು ಒಂದು ಕೆಲಸ ಮಾಡುವಾಗ ಕೈ ಇನ್ನೊಂದು ಮಾಡುವುದು ನನಗೆ ಹೊಸದೇನಲ್ಲ. ಹಾಗಾಗಿ ನನ್ನ ತಮ್ಮ ಮಂಜು, "ನಮ್ಮ ಮನ್ಯಾಗ ಜಾಗಾ ಇಲ್ಲಕ್ಕ" ಎಂದು ತನ್ನ ಆರ್ಕೆಸ್ಟ್ರಾದ ಡ್ರಮ್ ಸೆಟ್ಟನ್ನು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಟ್ಟಾಗ, ಅದರ ಪೆಡಲ್ ನೋಡಿ ನನಗೆ ನಗು ಬಂತು. ಇಷ್ಟೇನಾ!

"ನನಗೂ ಕಲಿಸೋ" ಎಂದೆ. ಪಾಪ, ಒಪ್ಪಿದ.

ಸಾದಾ ತಾಳವೇನೋ ಬೇಗ ಕೈಗೆ ಹತ್ತಿತು. ಆದರೆ ನನ್ನ ಮನಸ್ಸು ಸಾದಾ ತಾಳಕ್ಕೆ ತೃಪ್ತಿಪಡುವ ಜಾತಿಯದಲ್ಲ. ಹಾಡಿನ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಮುಂಚೆ ಡ್ರಮ್ಮಿನವನು ಸಣ್ಣ ಡ್ರಮ್ಮಿನಿಂದ ದೊಡ್ಡದರವರೆಗೆ ಡುಗುಡುಗುಡುಗು ಎಂದು ಕೈ ಓಡಿಸಿ, ಕೊನೆಗೆ ಹಿತ್ತಾಳೆ ತಾಟಿಗೆ ಝಂಯ್ ಎಂದು ಹೊಡೆಯುತ್ತಾನಲ್ಲ, ಅದಕ್ಕೆ ಫಿಲ್ ಅನ್ನುತ್ತಾರೆ. ನನಗೆ ಬೇಕಾದದ್ದು ಅದು!

ಡುಗುಡುಗು ಸುಲಭವಾಗಿ ಬಂತು. ಝಂಯ್ ಮಾತ್ರ ಬರಬೇಕಾದ ಹೊತ್ತಿಗೆ ಬರಲೊಲ್ಲದು. ಒಮ್ಮೆ ಮುಂಚೆ, ಒಮ್ಮೆ ತಡ, ಒಮ್ಮೆ ಬಾರದೇ ಇರುವುದೂ ಉಂಟು.

ನಮ್ಮ ಮನೆಯವರು ಬಸ್ ಕಂಡಕ್ಟರ್. ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು.

"ಎರಡು ಸ್ಟಾಪಿನ ನಡುವ ಎಷ್ಟ ಜೋರ ಬೇಕಾದ್ರೂ ಓಡ್ಸು. ಆದ್ರ ಸ್ಟಾಪ್ ಬಂದ ಕೂಡ್ಲೆ ನಿಲ್ಲಬೇಕಲ್ಲ? ನಿಂದು ತಿಳವಳ್ಳಿ ದಾಟಿ ಹಿರೇಕೆರೂರಿಗೆ ಹೊಂಟೈತಿ!"

"ನಿಮಗೇನ್ ಗೊತ್ತಾಗ್ತೈತಿ ಸಂಗೀತ?" ಎಂದೆ.

ಇನ್ನೊಂದು ದಿನ ಪಕ್ಕದ ಮನೆಯ ಗಂಗವ್ವ ಕೋಲು ಹಿಡಿದುಕೊಂಡು ಓಡಿ ಬಂದಳು. "ಸುವರ್ಣಾ, ನಿಮ್ಮ ತಗಡಿನ ಮ್ಯಾಲೆ ಮಂಗ್ಯಾ ಕುಣ್ಯಾಕತ್ತೈತಿ ನೋಡವಾ!" ಎಂದಳು. ಮಂಗ ನಾನೇ ಎಂದು ಹೇಳಲು ಧೈರ್ಯವಾಗಲಿಲ್ಲ. ಇಬ್ಬರೂ ಸೇರಿ ತಗಡಿನ ಮೇಲೆಲ್ಲ ಹುಡುಕಿದೆವು.

ಈ ವಿದ್ಯೆ ಹೊಲಿಗೆಗೂ ಹತ್ತಿತು. ಮಷಿನ್ ತುಳಿಯುವಾಗ ಸಾಲಿನ ಕೊನೆ ಬಂದರೆ ಸಾಕು, ಕಾಲು ತಾನೇ ಡುಗುಡುಗು ಓಡುತ್ತಿತ್ತು. ಗಂಗವ್ವನ ಸೊಸೆ ಹೊಸ ಬ್ಲೌಸ್ ಹಾಕಿಕೊಳ್ಳಲು ಹೋದರೆ ತೋಳಿನೊಳಗೆ ಕೈ ಹೋಯಿತು, ಹೊರಗೆ ಬರಲಿಲ್ಲ. ತೋಳಿನ ತುದಿ ಮುಚ್ಚುವ ಹಾಗೆ ಫಿಲ್ ಹೊಡೆದುಬಿಟ್ಟಿದ್ದೆ!

ಇಷ್ಟಕ್ಕೆ ನಿಂತಿದ್ದರೆ ಅದು ಮನೆಯ ಮಾತಾಗಿರುತ್ತಿತ್ತು. ಆದರೆ ಅಕ್ಕನ ಮಗಳು ಕಾವ್ಯಾಳ ಮದುವೆ ತಿಳವಳ್ಳಿಯಲ್ಲಿ ನಿಶ್ಚಯವಾಯಿತು. ಮಂಜುವಿನದೇ ಆರ್ಕೆಸ್ಟ್ರಾ. ಮದುವೆಯ ಹಿಂದಿನ ದಿನ ಅವನು ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡ. ಬದಲಿ ಡ್ರಮ್ಮಿನವನು ಶಿಗ್ಗಾವಿಯ ಇನ್ನೊಂದು ಮದುವೆಗೆ ಹೋಗಿದ್ದ.

"ನಾ ಇಲ್ಲೇನ?" ಎಂದೆ.

ಮಂಜು ಉಳುಕಿದ ಕೈಯನ್ನೂ ಸೇರಿಸಿ ಮುಗಿದ. "ಅಕ್ಕಾ, ಸಾದಾ ತಾಳ ಅಷ್ಟ ಹಿಡಿ. ಫಿಲ್ ಬ್ಯಾಡ. ನಿನ್ನ ಕಾಲಿಗೆ ಬೀಳ್ತೇನಿ."

"ಆತಪಾ" ಎಂದೆ. ಆ ಗಳಿಗೆಯಲ್ಲಿ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಕಡೆಯ ಮದುವೆಗಳಲ್ಲಿ ಹಿಂದೆ ಕೂತವರಿಗೆ ವೇದಿಕೆ ಕಾಣುವುದಿಲ್ಲ. ವಾದ್ಯ ಒಮ್ಮೆಲೇ ಜೋರಾದರೆ ತಾಳಿ ಕಟ್ಟಿದರೆಂದು ತಿಳಿದು, ಅಕ್ಕಿಕಾಳು ಎಸೆದು, ನೇರ ಊಟಕ್ಕೆ ನಡೆಯುತ್ತಾರೆ. ಅಂದು ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಒಳಗೆ ವರನ ತಲೆಗೆ ರುಮಾಲು ಸುತ್ತುತ್ತಿದ್ದರು, ಕಾವ್ಯಾಳಿಗೆ ಹೂ ಮುಡಿಸುತ್ತಿದ್ದರು. ವೇದಿಕೆಯ ಮೇಲೆ ಪೂಜೆಯ ಸಾಮಾನು ಜೋಡಿಸುವ ಅಯ್ಯನವರು ಮತ್ತು ಲೈಟು ಸರಿಮಾಡುವ ಫೋಟೋದವನು ಬಿಟ್ಟರೆ ಯಾರೂ ಇಲ್ಲ. ಜನರಿಗೆ ಬೇಸರವಾಗದಿರಲೆಂದು ಗಾಯಕ ಒಂದು ಮೆಲ್ಲನೆಯ ಹಾಡು ಹಿಡಿದ.

ನಾನು ಸಾದಾ ತಾಳ ಹಿಡಿದೆ. ಜನ ನನ್ನತ್ತ ಬೆರಳು ಮಾಡಿ, "ಡ್ರಮ್ ಹೊಡ್ಯಾಕತ್ತಾರಲ್ಲ, ಆ ಬಾಯಾರ ನೋಡ್ರಿ" ಎನ್ನುವುದು ಕಾಣಿಸಿತು. ಹಾಡಿನ ಸಾಲು ಮುಗಿಯಿತು. ಮುಂದೆ ಸಣ್ಣ ಖಾಲಿ ಜಾಗ. ಕೈ ಓಡಿಯೇಬಿಟ್ಟಿತು!

ಡುಗುಡುಗುಡುಗು... ಝಂಯ್ ತಪ್ಪಿತು. ಸರಿಮಾಡೋಣವೆಂದು ಇನ್ನೊಂದು ಸುತ್ತು ಹೋದೆ. ಅದೂ ತಪ್ಪಿತು. ಗಾಯಕ ಬಾಯಿ ತೆರೆದುಕೊಂಡು ಕಾಯುತ್ತಿದ್ದ. ಮಂಜು ಪಟ್ಟಿ ಕಟ್ಟಿದ ಕೈ ಎತ್ತಿ ನಿಲ್ಲಿಸು ಎಂದು ಸನ್ನೆ ಮಾಡಿದ. ಜೋರು ಮಾಡು ಎನ್ನುತ್ತಿದ್ದಾನೆಂದು ತಿಳಿದು ಜೋರು ಮಾಡಿದೆ!

ಹಿಂದಿನಿಂದ ಯಾರೋ ಕೂಗಿದರು, "ಅಕ್ಕಿಕಾಳು ಒಗೀರಿ, ಅಕ್ಕಿಕಾಳು!"

ಮಳೆ ಸುರಿದಂತೆ ಅಕ್ಕಿಕಾಳು ಬಿದ್ದವು. ಅಯ್ಯನವರ ಮೇಲೆ ಬಿದ್ದವು, ಫೋಟೋದವನ ಮೇಲೆ ಬಿದ್ದವು. ಮರುಕ್ಷಣ ಕುರ್ಚಿ ಸರಿದ ಸದ್ದು, ಮಂಟಪ ಖಾಲಿ. ಆಗ ನನ್ನ ಝಂಯ್ ಸರಿಯಾದ ಜಾಗಕ್ಕೆ ಬಿತ್ತು. ಕೇಳಲು ಯಾರೂ ಇರಲಿಲ್ಲ.

ವರನ ತಂದೆ ಓಡಿ ಬಂದರು. "ನಮ್ಮ ಹುಡುಗ ಇನ್ನೂ ರುಮಾಲ ಸುತ್ತಿಸ್ಕೊಳ್ಳಾಕತ್ತಾನ. ಲಗ್ನ ಯಾರದಾತ್ರಿ?"

ನಾನು ದೊಡ್ಡ ಡ್ರಮ್ಮಿನ ಹಿಂದೆ ಬಗ್ಗಿ ಕೂತೆ. ಅಕ್ಕ ಬಂದು ಕೆಳಗೆ ಬಿದ್ದ ಅಕ್ಕಿಕಾಳು ಆರಿಸತೊಡಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೀಗರ ಪೈಕಿ ಯಾರೋ "ಇದೇನ್ ಅಪಶಕುನಾ" ಎಂದಾಗ ಅವಳ ಕಣ್ಣು ತುಂಬಿ ಬಂದವು. ನನ್ನವೂ.

ಅಯ್ಯನವರು ಹೆಗಲ ಮೇಲಿನ ಕಾಳು ಝಾಡಿಸಿಕೊಂಡರು. "ಕಾಳು ಬಿದ್ದದ್ದು ನನ್ನ ಮ್ಯಾಲೆ. ಅಪಶಕುನ ಆಗೂದಿದ್ರ ನನಗ ಆಗ್ಲಿ. ಮುಹೂರ್ತ ಮೀರೂಕಿಂತ ಮೊದ್ಲ ಹುಡುಗನ್ನ ಕರೀರಿ."

ಬೀಗರು ಮೊದಲು ನಕ್ಕರು. ಆಮೇಲೆ ಉಳಿದವರಿಗೆ ನಗಲು ಧೈರ್ಯ ಬಂತು.

ಅಡುಗೆಯವರು ಅನ್ನಕ್ಕೆ ತೆಗೆದಿಟ್ಟ ಅಕ್ಕಿಗೆ ಅರಿಶಿನ ಕಲಸಿ ಕೊಟ್ಟರು. ಆದರೆ ಎಸೆಯುವವರು ಎಲ್ಲಿ? ಎಲ್ಲರೂ ಊಟದ ಸಾಲಿನಲ್ಲಿ! ಮಂಜು ಮೈಕಿನಲ್ಲಿ ಕರೆದರೂ ಒಬ್ಬರೂ ನಂಬಲಿಲ್ಲ. ಕೊನೆಗೆ ನಮ್ಮ ಮನೆಯವರು ಊಟದ ಹಾಲಿನ ಬಾಗಿಲಲ್ಲಿ ನಿಂತು, ತಮ್ಮ ಡ್ಯೂಟಿ ದನಿ ತೆಗೆದರು: "ಮಂಟಪಾ, ಮಂಟಪಾ, ಮಂಟಪಾ! ಯಾರ್ ಹತ್ತೋರದೀರಿ, ಲಗೂನ ಬರ್ರಿ!"

ಜನ ಎಲೆ ಬಿಟ್ಟು ಎದ್ದು ಬಂದರು. ತಾಳಿ ಕಟ್ಟಿದ್ದಾಯಿತು. ಅಷ್ಟರಲ್ಲಿ ಮಂಜು ನನ್ನ ಕೈಯಿಂದ ಕೋಲು ಕಸಿದುಕೊಂಡಿದ್ದ.

ಕಾವ್ಯಾ ಹೊರಡುವಾಗ ನನ್ನನ್ನು ಅಪ್ಪಿಕೊಂಡಳು. "ಚಿಗವ್ವ, ಅಳಬ್ಯಾಡ. ಎಲ್ಲಾರ ಲಗ್ನದಾಗ ಒಮ್ಮೆ ಅಕ್ಕಿಕಾಳು, ನನ್ನ ಲಗ್ನದಾಗ ಎರಡ ಸಲ!"

ಕೆಲವು ದಿನಗಳ ಮೇಲೆ ದುಂಡಸಿಯಿಂದ ಒಬ್ಬ ರೈತನ ಫೋನ್ ಬಂತು. "ತಿಳವಳ್ಳಿ ಲಗ್ನದಾಗ ಡ್ರಮ್ ಹೊಡದ ಬಾಯಾರ ಏನ್ರಿ? ನಾನೂ ಅಲ್ಲೇ ಇದ್ದೆ. ಏನ್ ಹೊಡದ್ರಿ ನೀವು!"

ನನ್ನ ಎದೆ ಉಬ್ಬಿತು. ಕಲೆಯನ್ನು ಬಲ್ಲವರು ಲೋಕದಲ್ಲಿ ಇದ್ದೇ ಇರುತ್ತಾರೆ! "ಯಾರ ಲಗ್ನಾರಿ?" ಎಂದೆ, ಆದಷ್ಟು ಗಂಭೀರವಾಗಿ.

"ಲಗ್ನ ಅಲ್ರಿ. ನಮ್ಮ ಗೋವಿನಜೋಳದ ಹೊಲಕ್ಕ ಹಂದಿ ಕಾಟ ಭಾಳ ಆಗೇತಿ. ಪಟಾಕಿ ಹಚ್ಚಿದ್ರೂ ಅಂಜವಲ್ವು. ಹೊಲದಾಗ ಅಟ್ಟ ಕಟ್ಟಿ ಕೊಡ್ತೇವಿ, ನೀವು ಬಂದು ಹೊಡದ್ರ..."

ಸಿಟ್ಟು ಬರಬೇಕಿತ್ತು. ಫೋನ್ ಇಡಬೇಕಿತ್ತು. ಅದರ ಬದಲು ನಾನು ಕೇಳಿದ್ದೇನು ಗೊತ್ತೇ?

"ಅಟ್ಟದ ಮ್ಯಾಲೆ ಫಿಲ್ ಹೊಡಿಬಹುದಲ್ರಿ?"