ಯಾರೂ ಕೇಳದ ಬಸ್ಸು

ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂತವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ನಗುವೇ ಕಿಟಕಿ ಸರಳಿನೊಳಗೆ ಕೈ ಹಾಕಿ ಎಳೆಯುತ್ತದೆ. ತೊಂಬತ್ತರ ದಶಕದಲ್ಲಿ ಶಿಕಾರಿಪುರದಲ್ಲಿ ಒಂದು ಖಾಸಗಿ ಬಸ್ ಕಂಪನಿ ಪರವಾಗಿ ನಾನು ಅಲ್ಲಿ ಕೂರುತ್ತಿದ್ದೆ. ನಕ್ಕಿದ್ದೆಲ್ಲ ನಗುವಂಥದ್ದೇ ಆಗಿರಲಿಲ್ಲ, ಅದು ಬೇರೆ ಮಾತು.

ಡಬ್ಬಿ ಬಂತು

ನಮ್ಮ ಮಾಲೀಕರು ದಾವಣಗೆರೆಗೆ ಮದುವೆಗೆ ಹೋಗಿ ಬರುವಾಗ ಒಂದು ಐಡಿಯಾ ಹೊತ್ತು ತಂದರು. ಊರಿಗೊಂದು ಖಾಲಿ ಡಬ್ಬಿ. ಯಾರು ಯಾವ ಊರಿನ ಬಸ್ಸು ಕೇಳಿದರೂ ಆ ಡಬ್ಬಿಗೆ ಒಂದು ಹುಣಸೆ ಬೀಜ. ಶನಿವಾರ ತೂಕ.

"ಯಾವ ಡಬ್ಬಿ ಭಾರ, ಆ ಊರಿಗೆ ಬೇಡಿಕಿ. ತಿಳೀತೇನ್ರೀ?"

"ಸಾಹುಕಾರ್ರೇ, ಒಬ್ಬನೇ ಹತ್ತು ಸಲ ಕೇಳಿದ್ರೆ?"

"ಹತ್ತು ಬೀಜ ಹಾಕ್ರಿ. ನೀವ್ ತಲಿ ಓಡಿಸಬ್ಯಾಡ್ರಿ, ಕೈ ಓಡಿಸ್ರಿ."

ಮೊದಲ ವಾರ ಗೆದ್ದದ್ದು ಅಂಬ್ಲಿಗೊಳದ ಡಬ್ಬಿ. ಆ ಬಸ್ಸು ಗೇರ್‌ಬಾಕ್ಸ್ ಕೆಟ್ಟು ಶೆಡ್ಡಿನಲ್ಲಿ ಮಲಗಿತ್ತು. "ಬಂತಾ? ಇನ್ನೂ ಇಲ್ವಾ? ಬರ್ತತೋ ಇಲ್ವೋ?" ಅಂತ ಅದೇ ಜನ ಮತ್ತೆ ಮತ್ತೆ ಕೇಳಿ ಡಬ್ಬಿ ತುಂಬಿಸಿದ್ದರು. ಮಾಲೀಕರಿಗೆ ಖುಷಿಯೋ ಖುಷಿ. "ಕೆಟ್ಟು ನಿಂತ ಬಸ್ಸಿಗೇ ಇಷ್ಟು ಗಿರಾಕಿ! ಓಡಿದ್ರೆ ಇನ್ನೆಷ್ಟೋ!"

ಗುಡವಿಯ ಗಿರಾಕಿ

ಆಮೇಲೆ ಗುಡವಿ, ಪಕ್ಷಿಧಾಮದ ಊರು. ಇಸ್ತ್ರಿ ಅಂಗಡಿಯವನೊಬ್ಬ ಗಳಿಗೆಗೊಮ್ಮೆ ಬಂದು "ಗುಡವಿ ಬಸ್ಸು ಎಷ್ಟೊತ್ತಿಗೆ ಬರ್ತತ್ರೀ?" ಅನ್ನೋನು. ಡಬ್ಬಿ ತೂಗಿದ ಮಾಲೀಕರು "ಹಕ್ಕಿ ನೋಡಾಕ ಜನ ಹೊಂಟಾರ" ಅಂತ ಆ ಕಡೆ ಇನ್ನೊಂದು ಬಸ್ಸೇ ಬಿಟ್ಟರು. ಹಾರ ಹಾಕಿಸಿಕೊಂಡು ಹೊರಟ ಬಸ್ಸಿನಲ್ಲಿ ಡ್ರೈವರ್, ಕಂಡಕ್ಟರ್, ಒಂದು ಬಾಳೆಗೊನೆ. ಇಸ್ತ್ರಿಯವನು ಕೆಳಗೇ ನಿಂತಿದ್ದ.

"ಹತ್ರೀ ಮತ್ತೆ!" ಅಂದೆ.

"ನಾನ್ಯಾಕ್ರೀ ಹೋಗ್ಲಿ? ಸಿಟ್ಟು ಮಾಡ್ಕೊಂಡು ತವರಿಗೆ ಹೋದೋಳು ಅವಳು. ಅವಳೇ ಬರ್ಲಿ!"

ಚಂದ್ರಗುತ್ತಿ ಡಬ್ಬಿ

ಗುಡವಿಗೆ ಬಿಟ್ಟ ಆ ಬಸ್ಸು ಚಂದ್ರಗುತ್ತಿಯಿಂದ ಕಿತ್ತುಕೊಂಡದ್ದು. ಸಂಜೆ ಸೊರಬದ ಮೇಲೆ ಹೋಗುತ್ತಿತ್ತು. ಡ್ರೈವರ್ ಟೈಮಿಗೆ ಸರಿಯಾಗಿ ತಂದು ನನ್ನ ಕಿಟಕಿ ಎದುರೇ ನಿಲ್ಲಿಸೋನು. ಜನ ಬರೋರು, ಹತ್ತೋರು, ಹೋಗೋರು. ಇನ್ನು ಕೇಳೋದೇನು? ಡಬ್ಬಿ ಖಾಲಿ.

"ಒಂದು ನರಪಿಳ್ಳೆನೂ ಕೇಳಿಲ್ಲ, ನಿಲ್ಸ್ರಿ" ಅಂದರು ಮಾಲೀಕರು.

"ಬಂದೇ ಬರ್ತದೆ ಅನ್ನೋ ನಂಬಿಕೆಗೆ ಕೇಳ್ತಿಲ್ರೀ."

"ನಂಬಿಕಿ ತೂಗಾಕ್ ಬರ್ತತೇನ್ರೀ?"

ಆ ಬಸ್ಸನ್ನೇ ನಂಬಿದ್ದವಳು ಚಂದ್ರಗುತ್ತಿ ಕಡೆಯ ಒಬ್ಬ ಹೆಂಗಸು. ಗಂಡ ಇಲ್ಲಿ ಆಸ್ಪತ್ರೆಯಲ್ಲಿದ್ದ. ಬೆಳಿಗ್ಗೆ ಯಾವುದೋ ಲಾರಿಯಲ್ಲಿ ಬಂದು ಗಂಜಿ ಕುಡಿಸಿ, ಸಂಜೆ ಈ ಬಸ್ಸಿಗೆ ವಾಪಸು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಬಸ್ಸು ನಿಂತ ದಿನ ಅವಳು ಮೊದಲ ಸಲ ಕಿಟಕಿಗೆ ಬಂದಳು. "ನಮ್ಮ ಬಸ್ಸು ಯಾಕೆ ಬರ್ಲಿಲ್ಲ ಮಾರಾಯ್ರೇ?" ಡಬ್ಬಿಯ ಕಥೆ ಹೇಳಿ, ಬೀಜ ಹಾಕಿದೆ. ಇನ್ನೇನು ಮಾಡಲಿ?

ಆ ಸಂಜೆ ಎಲ್ಲರೂ ಕೇಳಿದರು, ಡಬ್ಬಿ ಉಕ್ಕಿತು. "ಶನಿವಾರ ಬರ್ಲಿ, ತೂಗೋಣ" ಅಂದರು ಮಾಲೀಕರು. ಆ ರಾತ್ರಿ ಹೇಗೋ ಊರು ಸೇರಿದಳು, ಆಮೇಲೆ ಸಂಜೆ ಹಿಂದಕ್ಕೆ ಹೋಗೋ ದಾರಿಯಿಲ್ಲದೆ ಅವಳು ಬರೋದೇ ನಿಂತಿತು. ಶನಿವಾರಕ್ಕೆ ಮೊದಲೇ ಗಂಡ ಹೋದ. ಬಾಯಿಗೆ ನೀರು ಬಿಡೋಕೂ ಹತ್ತಿರ ಯಾರೂ ಇರಲಿಲ್ಲ. ಶನಿವಾರ ಡಬ್ಬಿ ತೂಗಿದ ಮಾಲೀಕರು "ಅಬ್ಬಬ್ಬಾ, ಏನ್ ಬೇಡಿಕೀರೀ!" ಅಂತ ಬಸ್ಸು ವಾಪಸು ಬಿಟ್ಟರು.

ಕೆಲವು ದಿನ ಕಳೆದು ಅವಳು ಆಸ್ಪತ್ರೆಯಲ್ಲಿ ಉಳಿದಿದ್ದ ಗಂಡನ ಕಂಬಳಿ, ತಟ್ಟೆ ಒಯ್ಯಲು ಬಂದಳು. ಸಂಜೆ ಬಸ್ಸು ಟೈಮಿಗೇ ಬಂದು ನಿಂತಿತ್ತು, ಅರ್ಧ ಸೀಟು ತುಂಬಿತ್ತು. ಅವಳು ಹತ್ತಲಿಲ್ಲ. ಕಂಬಳಿ ಬಗಲಲ್ಲಿಟ್ಟುಕೊಂಡು ನೇರ ಕಿಟಕಿಗೆ ಬಂದಳು.

"ಚಂದ್ರಗುತ್ತಿ ಬಸ್ಸು ಇದ್ಯೇನ್ರೀ?"

"ಅಯ್ಯೋ ತಾಯೀ, ಕಣ್ಣೆದುರಿಗೇ ನಿಂತಿದೆಯಲ್ಲ!"

"ಕಾಣ್ತದೆ. ಆವಾಗ್ಲೂ ಕಾಣ್ತಿತ್ತು, ಅದಕ್ಕೇ ಕೇಳಿರ್ಲಿಲ್ಲ. ಬೀಜ ಹಾಕಿ, ನಾನು ನೋಡ್ಬೇಕು."

ಹಾಕಿದೆ. ಟಣ್ ಅಂತು. ಅವಳು ತಿರುಗಿ ಬಸ್ಸಿನ ಕಡೆ ಕೂಗಿದಳು: "ಇಳೀರಿ ಎಲ್ಲ! ಕೇಳಿ ಹತ್ತಿ!"

ಕೂತವರೆಲ್ಲ ಇಳಿದು ಸಾಲು ನಿಂತರು, ಒಬ್ಬೊಬ್ಬರೇ ಕೇಳಿದರು, ನಾನು ಒಂದೊಂದೇ ಬೀಜ ಹಾಕಿದೆ. ಸಾಲಿನ ಕೊನೆಯಲ್ಲಿ ಡ್ರೈವರ್ ನಿಂತಿದ್ದ. ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಕಿಟಕಿಗೆ ಬಗ್ಗಿ ಕೇಳಿದ:

"ಚಂದ್ರಗುತ್ತಿ ಬಸ್ಸು ಎಷ್ಟೊತ್ತಿಗ್ರೀ ಹೊರಡೋದು?"